ಅರವತ್ತರ ಹೊಸ್ತಿಲಲ್ಲಿ ಉಮ್ಮನ ಹೊಸ ಕಾರು

ಮನೆಗೆ ಮಿಕ್ಸಿ ತರುವಾಗ ಅಡುಗೆ ಮಾಡುವವಳನ್ನು ಕೇಳುತ್ತೇವೆ. ಹೊಲಿಗೆ ಯಂತ್ರ ತರುವಾಗ ಹೊಲಿಯುವವಳನ್ನು ಕೇಳುತ್ತೇವೆ. ಆದರೆ ಕಾರು ತರುವ ಮಾತು ಬಂದಾಗ ಅದನ್ನು ದಿನವೂ ಓಡಿಸುವವರು ಯಾರು ಎಂದು ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಕಡಿಮೆ. ಓಡಿಸುವವರು ವಯಸ್ಸಾದ ತಂದೆಯೋ ತಾಯಿಯೋ ಆಗಿದ್ದರಂತೂ ಅವರ ಅಭಿಪ್ರಾಯ ಕೊನೆಗೆ ಬರುತ್ತದೆ. "ನಿಮಗ್ಯಾಕೆ ತಲೆನೋವು, ನಾವು ನೋಡಿಕೊಳ್ತೇವೆ" ಎಂದು ಮಕ್ಕಳು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಆ ಮಾತು ಹಿರಿಯರ ಕೈಯಿಂದ ಏನನ್ನೋ ಕಸಿದುಕೊಂಡುಬಿಡುತ್ತದೆ.

59 ವರ್ಷದ ನನ್ನ ಉಮ್ಮ 2025ರ ಮೇ ತಿಂಗಳಲ್ಲಿ ಒಂದು ಚಿಕ್ಕ, ಚುರುಕಾದ ಕಾರಿನ ಒಡತಿಯಾದರು. ಹುಡುಗರ ಕಾರೆಂದೇ ಜನ ಹೇಳುವ ಬಗೆಯದು. ಬಣ್ಣ ಬೇರೆ ಕೆಂಪು. ಆ ಕಾರಿನ ಮೊದಲ ತಿಂಗಳುಗಳಲ್ಲಿ ನಮ್ಮ ಮನೆ ಕಲಿತದ್ದನ್ನು ಸಹೋದರಿಯರ ಮುಂದಿಡುವುದು ಈ ಬರಹದ ಉದ್ದೇಶ. ನಿಮ್ಮ ಮನೆಯಲ್ಲಿ ಸ್ಟಿಯರಿಂಗ್ ಹಿಡಿಯುವ ಹಿರಿಯರಿದ್ದರೆ, ಅಥವಾ ಮುಂದೆ ನೀವೇ ಆ ವಯಸ್ಸಿನಲ್ಲಿ ಕಾರು ಓಡಿಸುವವರಾದರೆ, ಇದರಿಂದ ಉಪಯೋಗವಾದೀತು.

ಸುಂಟಿಕೊಪ್ಪದಲ್ಲಿ ಕಾರು ಎಂದರೆ

ಸುಂಟಿಕೊಪ್ಪ ಮಡಿಕೇರಿ ಮತ್ತು ಕುಶಾಲನಗರಗಳ ನಡುವೆ ಇರುವ ಪುಟ್ಟ ಪೇಟೆ. ಎರಡೂ ಕಡೆಗೆ ಸುಮಾರು 15 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 275 ಊರಿನ ನಡುವೆಯೇ ಹಾದುಹೋಗುತ್ತದೆ. ಹಗಲಲ್ಲಿ ಬಸ್ಸಿಗೆ ಕೊರತೆಯಿಲ್ಲ. ಆದರೆ ಹೆದ್ದಾರಿ ಬಿಟ್ಟು ಕಾಫಿ ತೋಟಗಳ ಒಳಗೆ ಒಂದೆರಡು ಕಿಲೋಮೀಟರ್ ಹೋದರೆ ಕಥೆಯೇ ಬೇರೆ. ಕತ್ತಲಾದ ಮೇಲೆ ಅಲ್ಲಿಂದ ಹೊರಗೆ ಬರಬೇಕಾದರೆ ಸ್ವಂತ ಗಾಡಿ ಬೇಕು, ಇಲ್ಲವೇ ಗಾಡಿ ಇರುವ ನೆರೆಯವರ ಬಾಗಿಲು ತಟ್ಟಬೇಕು. ಕೊಡಗು ಜಿಲ್ಲೆಯಲ್ಲಿ ರೈಲೂ ಇಲ್ಲ. ಹೃದಯ, ಮೂತ್ರಪಿಂಡದಂತಹ ದೊಡ್ಡ ಚಿಕಿತ್ಸೆಗೆ ಹೆಚ್ಚಿನವರು ಸುಮಾರು 100 ಕಿಲೋಮೀಟರ್ ದೂರದ ಮೈಸೂರಿಗೋ ಘಟ್ಟ ಇಳಿದು ಮಂಗಳೂರಿಗೋ ಹೋಗುತ್ತಾರೆ.

ಇನ್ನೊಂದು ಸಂಗತಿ ನಿಮಗೆ ಗೊತ್ತೇ ಇದೆ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾರೆ. ಮನೆಯಲ್ಲಿ ಉಳಿದಿರುವುದು ಇಬ್ಬರು ಹಿರಿಯರು. ನಮ್ಮ ಮನೆಯ ಸ್ಥಿತಿಯೂ ಅದೇ. ಅಣ್ಣ ಶಾರ್ಜಾದಲ್ಲಿ, ನಾನು ಗಂಡನ ಮನೆಯಲ್ಲಿ. ಉಪ್ಪನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೂ ರಾತ್ರಿ ಎದುರಿನ ಗಾಡಿಯ ಬೆಳಕು ಬಿದ್ದರೆ ಕಣ್ಣು ಕುಕ್ಕುತ್ತದೆ. ಅವರು ತಾವಾಗಿಯೇ ಸ್ಟಿಯರಿಂಗ್ ಬಿಟ್ಟರು.

2023ರ ಮಳೆಗಾಲದ ಒಂದು ರಾತ್ರಿ ಉಪ್ಪನಿಗೆ ಎದೆ ಹಿಂಡಿದಂತಾಯಿತು. ಉಮ್ಮ ಹಳೆಯ ಮಾರುತಿ 800 ಕಾರು ಹೊರತೆಗೆದು, ಪಕ್ಕದ ಮನೆಯ ಹುಡುಗನನ್ನು ಹಿಂದೆ ಕೂರಿಸಿಕೊಂಡು ಮಡಿಕೇರಿ ತಲುಪಿದರು. ಬಳಿಕ ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು. ಈಗ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಕಾರು ಎಂದರೆ ಮಾತ್ರೆ ಡಬ್ಬಿಯಷ್ಟೇ ಅಗತ್ಯದ ವಸ್ತು. ಅದನ್ನು ಓಡಿಸುವ ಕೈ ಉಮ್ಮನದು.

ದೊಡ್ಡದೋ, ಚಿಕ್ಕದೋ?

ಹಳೆಯ ಕಾರು 2004ರದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ ಕಾರಿಗೆ 5,000 ರೂಪಾಯಿಗೆ ಏರಿತ್ತು. ಹಸಿರು ತೆರಿಗೆ, ದುರಸ್ತಿ ಬೇರೆ. ಕಾರು ಎಂದೂ ಕೈಕೊಟ್ಟಿರಲಿಲ್ಲ. ಆದರೆ ಅದರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಬ್ರೇಕ್ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ಉಮ್ಮನ ಭುಜ, ಮೊಣಕಾಲು ಎರಡೂ ದೂರು ಹೇಳತೊಡಗಿದ್ದವು.

ಅಣ್ಣ ದೊಡ್ಡ ಕಾರೇ ಬೇಕೆಂದ. "ಎತ್ತರದ ಗಾಡಿಯಾದರೆ ಸೇಫ್ ಉಮ್ಮಾ, ತೋಟದ ದಾರಿಗೂ ಸರಿ" ಎಂಬುದು ಅವನ ವಾದ. ಉಮ್ಮನ ಉತ್ತರ ಚಿಕ್ಕದು: "ನನಗೆ ನಾಲ್ಕೂ ಮೂಲೆ ಕಾಣುವ ಕಾರು ಬೇಕು ಮೋನೇ."

ಯೋಚಿಸಿ ನೋಡಿ, ಅವರ ಮಾತಿನಲ್ಲಿ ಅರ್ಥವಿದೆ. ಪೇಟೆಯಲ್ಲಿ ಸಂತೆಯ ದಿನ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ತೋಟದ ದಾರಿಯಲ್ಲಿ ಎದುರಿನಿಂದ ಪಿಕಪ್ ಬಂದರೆ ಹಿಂದಕ್ಕೆ ತೆಗೆದು ದಾರಿ ಬಿಡಬೇಕು. ಐದಡಿ ಎತ್ತರದ ಹೆಂಗಸು ಎತ್ತರದ ಬಾನೆಟ್ ಹಿಂದೆ ಕುಳಿತರೆ ಮುಂದೆ ಓಡಿ ಬರುವ ಮಗು ಕಾಣುವುದು ಕಷ್ಟ. ಶೋರೂಮಿನಲ್ಲಿ ಉಮ್ಮ ದೊಡ್ಡ ಕಾರನ್ನೂ ಹತ್ತಿ ನೋಡಿದರು. ಪೆಡಲ್‌ಗೆ ಕಾಲು ಸಿಗಬೇಕಾದರೆ ಸೀಟು ಮುಂದೆ ಎಳೆಯಬೇಕಿತ್ತು. ಎಳೆದರೆ ಎದೆ ಸ್ಟಿಯರಿಂಗಿಗೆ ತಾಗುವಷ್ಟು ಹತ್ತಿರ. ಅಲ್ಲಿಗೆ ಮಾತು ಮುಗಿಯಿತು.

ಆದರೆ ಇಂದಿನ ಚಿಕ್ಕ ಕಾರು ನಮ್ಮ ಹಳೆಯ ಚಿಕ್ಕ ಕಾರಿನಂತಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಎಂಜಿನ್ 796 ಸಿಸಿ, ಶಕ್ತಿ 40 ಅಶ್ವಶಕ್ತಿಯ ಒಳಗೆ. 2005ರ ಮೇ ತಿಂಗಳಲ್ಲಿ ಸ್ವಿಫ್ಟ್ ಬಂದಾಗ ಚಿಕ್ಕ ಕಾರಿನ ಅರ್ಥವೇ ಬದಲಾಯಿತು. ನೋಡಲು ಚೆಂದ, ಓಡಲು ಚುರುಕು ಎಂದು ಯುವಕರು ಮುಗಿಬಿದ್ದರು. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದಾಗ ಇಂತಹ ಕಾರುಗಳು ಇನ್ನಷ್ಟು ಬಂದವು. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. 2024ರ ಮೇ ತಿಂಗಳಲ್ಲಿ ಬಂದ ಸ್ವಿಫ್ಟಿನ ಶಕ್ತಿ ಸುಮಾರು 80 ಅಶ್ವಶಕ್ತಿ. ಅಂದರೆ ಹಳೆಯದರ ಎರಡು ಪಟ್ಟು. ಉಮ್ಮ ಆರಿಸಿದ್ದೂ ಇದೇ ವರ್ಗದ ಒಂದು ಕಾರು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಇಪ್ಪತ್ತು ವರ್ಷ 800 ಓಡಿಸಿದ ಕಾಲಿಗೆ ಎರಡು ಪಟ್ಟು ಶಕ್ತಿ ಸಿಕ್ಕರೆ ಏನಾಗುತ್ತದೆ ಎಂಬುದು ಮುಖ್ಯ.

ಹಣದ ಲೆಕ್ಕ

ಬಡ್ಡಿಯ ಸಾಲ ಬೇಡ ಎಂಬುದು ಉಪ್ಪ ಉಮ್ಮ ಇಬ್ಬರ ಹಟ. ಆದ್ದರಿಂದ ಎರಡು ವರ್ಷ ಕಾದೆವು. ಕಾಳುಮೆಣಸು ಮಾರಿದ ಹಣದಲ್ಲಿ ಒಂದಿಷ್ಟು, ಹಳೆಯ ಕಾರು ಮಾರಿದ್ದು, ಅಣ್ಣ ಕಳುಹಿಸಿದ್ದು, ಉಮ್ಮ ಕೂಡಿಟ್ಟಿದ್ದು ಎಲ್ಲ ಸೇರಿತು. ಕಾರು ಉಮ್ಮನ ಹೆಸರಿನಲ್ಲೇ ನೋಂದಣಿಯಾಯಿತು.

ಈಗ ಕೊಳ್ಳುವವರಿಗೆ ಒಂದು ಸಮಾಧಾನದ ಸುದ್ದಿ ಇದೆ. 2025ರ ಸೆಪ್ಟೆಂಬರ್ 22ರಿಂದ ಇಂತಹ ಚಿಕ್ಕ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದರ ಮೇಲಿದ್ದ ಸೆಸ್ ಕೂಡ ಹೋಯಿತು. ಶೋರೂಮಿನ ಬೆಲೆಯನ್ನು ಮಾತ್ರ ನೋಡಬೇಡಿ. ರಸ್ತೆ ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿ ಕೈಗೆ ಬರುವ ಬೆಲೆಯನ್ನು ಕಾಗದದಲ್ಲಿ ಬರೆಸಿಕೊಳ್ಳಿ. ನಾವು ಹೋದ ಒಂದು ಕಡೆ ಬೇಡದ ಸಾಮಾನುಗಳನ್ನೆಲ್ಲ ಪಟ್ಟಿಗೆ ಸೇರಿಸಿದ್ದರು. ಉಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ, "ಇದು ಯಾಕೆ?" ಎಂದು ಕೇಳಿದರು. ನಾಲ್ಕು ಸಾಲು ಅಲ್ಲೇ ಹೊಡೆದುಹೋದವು. ಕೇಳಲು ನಾಚಿಕೆ ಬೇಡ. ಹಣ ನಮ್ಮದು.

ಎಡಗಾಲಿನ ಪಾಠ

ಉಮ್ಮನ ಎಡ ಮೊಣಕಾಲಿಗೆ ನೋವಿರುವ ಕಾರಣ ಕ್ಲಚ್ ಇಲ್ಲದ ಕಾರನ್ನೇ ಕೊಂಡೆವು. ಇದರಲ್ಲಿ ಎಎಂಟಿ ಎಂಬ ವ್ಯವಸ್ಥೆ ಇದೆ. ಬಹಳ ಜನ ಇದನ್ನು ಪೂರ್ತಿ ಬೇರೆಯ ಯಂತ್ರ ಎಂದುಕೊಳ್ಳುತ್ತಾರೆ. ಹಾಗಲ್ಲ. ಒಳಗೆ ಇರುವುದು ನಮ್ಮ ಮಾಮೂಲಿ ಗೇರ್ ಬಾಕ್ಸ್, ಮಾಮೂಲಿ ಕ್ಲಚ್. ನಾವು ಕಾಲಿನಿಂದ, ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ಇದು ತಿಳಿದಿದ್ದರೆ ಮುಂದಿನ ಎಷ್ಟೋ ಸಂಗತಿಗಳು ಸುಲಭವಾಗಿ ಅರ್ಥವಾಗುತ್ತವೆ.

ಮೊದಲ ದಿನವೇ ಒಂದು ಪಾಠವಾಯಿತು. ಗೇಟಿನ ಬಳಿ ನಿಧಾನ ಮಾಡುವಾಗ ಉಮ್ಮನ ಎಡಗಾಲು ಇಪ್ಪತ್ತು ವರ್ಷದ ಅಭ್ಯಾಸದಂತೆ ಕ್ಲಚ್ ಹುಡುಕಿತು. ಸಿಕ್ಕಿದ್ದು ಬ್ರೇಕ್. ಕ್ಲಚ್ ತುಳಿಯುವ ಬಲದಲ್ಲಿ ಬ್ರೇಕ್ ತುಳಿದರೆ ಏನಾಗಬೇಕೋ ಅದೇ ಆಯಿತು. ಹಿಂದಿನ ಸೀಟಿನ ತೆಂಗಿನಕಾಯಿ ಚೀಲ ಮುಂದೆ ಬಂತು. ಪೇಟೆಯಲ್ಲಿ ಹೀಗಾದರೆ ಹಿಂದಿನ ಗಾಡಿ ಬಂದು ಗುದ್ದುತ್ತದೆ. ಆದ್ದರಿಂದ ಮೊದಲ ಒಂದು ವಾರ ತೋಟದ ದಾರಿಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ಅಭ್ಯಾಸ ಮಾತ್ರ. ಎಡಗಾಲನ್ನು ಪೂರ್ತಿ ಹಿಂದಕ್ಕೆ, ಸೀಟಿನ ಕೆಳಗೆ ಎಳೆದಿಟ್ಟುಕೊಳ್ಳುವುದು. ಆಕ್ಸಿಲರೇಟರ್, ಬ್ರೇಕ್ ಎರಡಕ್ಕೂ ಬಲಗಾಲೇ. ನಿಮ್ಮ ಮನೆಯ ಹಿರಿಯರು ಕ್ಲಚ್ ಕಾರಿನಿಂದ ಇಂತಹ ಕಾರಿಗೆ ಬದಲಾಗುವುದಾದರೆ ಈ ಒಂದು ವಾರವನ್ನು ತಪ್ಪಿಸಬೇಡಿ.

ಏರಿನಲ್ಲಿ ಇನ್ನೊಂದು ಎಚ್ಚರ ಬೇಕು. ಏರಿನಲ್ಲಿ ನಿಂತಾಗ ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಕಾರನ್ನು ಅಲ್ಲೇ ಹಿಡಿದಿಡುವ ಅಭ್ಯಾಸ ಹಲವರಿಗಿದೆ. ಎಎಂಟಿ ಕಾರಿನಲ್ಲಿ ಹಾಗೆ ಮಾಡಿದರೆ ಒಳಗಿನ ಕ್ಲಚ್ ಕಾದು ಸುಟ್ಟುಹೋಗುತ್ತದೆ. ನಿಂತಾಗ ಬ್ರೇಕ್ ಮೇಲೆಯೇ ಕಾಲಿರಲಿ. ಹೆಚ್ಚು ಹೊತ್ತಾದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಈಗಿನ ಹಲವು ಕಾರುಗಳಲ್ಲಿ ಏರಿನಲ್ಲಿ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಕಾರು ಹಿಂದೆ ಜಾರದಂತೆ ಹಿಡಿಯುವ ವ್ಯವಸ್ಥೆ ಇದೆ. ಆ ಒಂದೆರಡು ಸೆಕೆಂಡು ವಯಸ್ಸಾದ ಕಾಲಿಗೆ ದೊಡ್ಡ ಸಹಾಯ.

ಚುರುಕು ಕಾರು, ನಿಧಾನದ ಕೈ

ಹೊಸ ಕಾರಿನ ಚುರುಕು ಉಮ್ಮನನ್ನು ಮೊದಲು ಹೆದರಿಸಿತು. "ನಾನು ಮುಟ್ಟುವುದರೊಳಗೆ ಇದು ಓಡ್ತದೆ" ಎಂದರು. ಎರಡು ವಾರದ ನಂತರ ಅದೇ ಚುರುಕು ಉಪಕಾರಕ್ಕೆ ಬಂತು. ಕುಶಾಲನಗರದ ದಾರಿಯಲ್ಲಿ ಮರ ತುಂಬಿದ ಲಾರಿಯ ಹಿಂದೆ ಹಳೆಯ ಕಾರಿನಲ್ಲಿ ಮೈಲುಗಟ್ಟಲೆ ಹೊಗೆ ಕುಡಿಯುತ್ತಾ ಹೋಗಬೇಕಿತ್ತು. ಈಗ ನೇರ ರಸ್ತೆ ಸಿಕ್ಕಾಗ ಬೇಗನೆ ದಾಟಬಹುದು. ಎದುರಿನ ಬದಿಯಲ್ಲಿ ಇರುವ ಹೊತ್ತು ಕಡಿಮೆಯಾದಷ್ಟೂ ಅಪಾಯ ಕಡಿಮೆ. ಆದರೆ ಎಎಂಟಿ ಕಾರು ಗೇರ್ ಬದಲಿಸುವಾಗ ಒಂದು ಕ್ಷಣ ಎಳೆತ ಬಿಡುತ್ತದೆ. ಅರ್ಧ ದಾಟಿದ ಮೇಲೆ ಹೀಗಾದರೆ ಗಾಬರಿ. ಅದಕ್ಕೆ ದಾಟುವ ಮೊದಲೇ ಕೈಯಿಂದ ಒಂದು ಗೇರ್ ಇಳಿಸಿಕೊಳ್ಳಬೇಕು. ಸಂಶಯವಿದ್ದರೆ ದಾಟಲೇಬಾರದು.

ಇಳಿಜಾರಿನಲ್ಲೂ ಕೈಯಿಂದ ಗೇರ್ ಹಾಕುವುದೇ ಒಳ್ಳೆಯದು. ಮಡಿಕೇರಿಯಿಂದ ಬೋಯಿಕೇರಿ, ಕೆದಕಲ್ ದಾಟಿ ಸುಂಟಿಕೊಪ್ಪಕ್ಕೆ ಬರುವಾಗ ತಿರುವುಗಳ ಇಳಿಜಾರು. ಉದ್ದಕ್ಕೂ ಬ್ರೇಕ್ ಒತ್ತುತ್ತಲೇ ಬಂದರೆ ಬ್ರೇಕ್ ಕಾದು ಹಿಡಿತ ಕಡಿಮೆಯಾಗುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿಟ್ಟರೆ ಎಂಜಿನ್ನೇ ಕಾರನ್ನು ಹಿಡಿದು ಇಳಿಸುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್ ಎಂದು ಘಟ್ಟದ ಡ್ರೈವರುಗಳು ಹೇಳುವುದು ಇದಕ್ಕೇ.

2019ರ ಜುಲೈಯಿಂದ ತಯಾರಾಗುವ ಕಾರುಗಳಲ್ಲಿ ವೇಗ 80 ದಾಟಿದರೆ ಎಚ್ಚರಿಕೆಯ ಸದ್ದು ಕಡ್ಡಾಯ. 120 ದಾಟಿದರೆ ಅದು ನಿಲ್ಲುವುದೇ ಇಲ್ಲ. ಉಮ್ಮನ ಕಾರು ಆ ಸದ್ದು ಮಾಡಿದ್ದು ಒಂದೇ ಸಲ, ಅದೂ ರಜೆಯಲ್ಲಿ ಬಂದ ಅಣ್ಣ ಓಡಿಸಿದಾಗ!

ಸೀಟು, ಕಣ್ಣು, ಮಾತ್ರೆ

ಇಂತಹ ಕಾರುಗಳ ಸೀಟು ನೆಲಕ್ಕೆ ಹತ್ತಿರ. ನೋಯುವ ಮೊಣಕಾಲಿಗೆ ಹತ್ತುವುದು, ಇಳಿಯುವುದು ಕಷ್ಟ. ಮೊದಲು ಹಿಂಬದಿಯನ್ನು ಸೀಟಿನ ಮೇಲೆ ಇಟ್ಟು ಕುಳಿತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತರಬೇಕು. ಇಳಿಯುವಾಗ ಇದರ ತಿರುವು. ಸೀಟನ್ನು ಮೇಲೆ ಕೆಳಗೆ ಮಾಡುವ ಹಿಡಿ ಇರುವ ಮಾದರಿಯನ್ನೇ ಕೇಳಿ ಪಡೆಯಿರಿ. ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಳ್ಳುವುದು ಒಳ್ಳೆಯದಲ್ಲ. ಬ್ರೇಕ್ ಹಾಕಿದಾಗ ದಿಂಬು ಜಾರುತ್ತದೆ.

ಏರ್‌ಬ್ಯಾಗ್ ಇರುವ ಕಾರಿನಲ್ಲಿ ಎದೆಗೂ ಸ್ಟಿಯರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್, ಅಂದರೆ ಹತ್ತು ಅಂಗುಲ ಅಂತರವಿರಬೇಕು. ಗಿಡ್ಡಗಿರುವ ನಾವು ಹೆಂಗಸರು ಇದಕ್ಕಿಂತ ಹತ್ತಿರ ಕೂರುತ್ತೇವೆ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ. ತೀರಾ ಹತ್ತಿರ ಇದ್ದರೆ ಅದರ ಹೊಡೆತವೇ ಗಾಯ ಮಾಡೀತು. ಒಂದು ಸ್ಕೇಲ್ ಹಿಡಿದು ಅಳತೆ ಮಾಡಿ ನೋಡಿ.

ನಮ್ಮ ಉಡುಪಿನ ವಿಷಯದಲ್ಲೂ ಕೆಲವು ಎಚ್ಚರಗಳಿವೆ. ಬುರ್ಖಾದ ಅಂಚು ಪೆಡಲ್ ಕೆಳಗೆ ಸಿಕ್ಕದಂತೆ ಮೊಣಕಾಲ ಬಳಿ ಎತ್ತಿಕೊಂಡು ಕೂರಬೇಕು. ಶಾಲಿನ ಮೇಲಿಂದ ಅಲ್ಲ, ಅದರ ಒಳಗಿಂದ ಬೆಲ್ಟ್ ಹಾಕಿದರೆ ಭುಜದ ಮೂಳೆಯ ಮೇಲೆ ಸರಿಯಾಗಿ ಕೂರುತ್ತದೆ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಪಿನ್ ಬೇಡ. ತಲೆವಸ್ತ್ರದ ಅಂಚು ಪಕ್ಕದ ನೋಟಕ್ಕೆ ಅಡ್ಡ ಬರುತ್ತದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಸಡಿಲ ಚಪ್ಪಲಿಯಲ್ಲಿ ಓಡಿಸಬೇಡಿ.

ಕಣ್ಣಿನ ಪರೀಕ್ಷೆ ವರ್ಷಕ್ಕೊಮ್ಮೆ ಆಗಲಿ. ಪೊರೆ ಬರುವಾಗ ಹಗಲಲ್ಲಿ ಗೊತ್ತಾಗುವುದಿಲ್ಲ. ರಾತ್ರಿ ಎದುರಿನ ಬೆಳಕು ಚದುರಿ ಕಾಣತೊಡಗಿದರೆ ಅದು ಮೊದಲ ಸೂಚನೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿ ಸ್ಟಿಯರಿಂಗ್ ಹಿಡಿಯಬಾರದು. ಸಕ್ಕರೆ ಇಳಿದರೆ ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಕಾರಿನಲ್ಲಿ ಸದಾ ಸ್ವಲ್ಪ ಸಕ್ಕರೆ ಅಥವಾ ಮಿಠಾಯಿ ಇರಲಿ. ನೆಗಡಿಯ ಕೆಲವು ಮಾತ್ರೆಗಳು ನಿದ್ದೆ ತರುತ್ತವೆ, ವೈದ್ಯರನ್ನು ಕೇಳಿಕೊಳ್ಳಿ. ರಮಝಾನಿನಲ್ಲಿ ಉಮ್ಮ ಇಫ್ತಾರಿಗೆ ಮುಂಚಿನ ಒಂದು ಗಂಟೆ ಕಾರು ತೆಗೆಯುವುದಿಲ್ಲ. ಉಪವಾಸದ ದಣಿವು, ಮುಸ್ಸಂಜೆಯ ಮಬ್ಬು, ಎಲ್ಲರಿಗೂ ಮನೆ ಸೇರುವ ಆತುರ ಮೂರೂ ಸೇರುವ ಹೊತ್ತು ಅದು.

ಮಳೆ, ಮಂಜು, ಆನೆ

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ತಿಂಗಳ ಕೊನೆಗೆ ಕೊಡಗಿನಲ್ಲೂ ಜಡಿಮಳೆ. ಉಮ್ಮನ ಕಾರಿಗೆ ತಿಂಗಳು ತುಂಬುವ ಮೊದಲೇ ದೊಡ್ಡ ಪರೀಕ್ಷೆ ಎದುರಾಯಿತು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಬೆಟ್ಟಗಳು ಕುಸಿದು, ಮಕ್ಕಂದೂರು, ಮಾದಾಪುರ ಕಡೆಯ ಜನ ಮನೆ ಮಠ ಕಳೆದುಕೊಂಡದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆದ್ದರಿಂದ ಜೋರು ಮಳೆಯ ದಿನ ತಪಾಸಣೆಯನ್ನೇ ಮುಂದೂಡುವುದು ನಮ್ಮ ಮನೆಯ ಮೊದಲ ನಿಯಮ. ಆಸ್ಪತ್ರೆಯ ದಿನಾಂಕವನ್ನು ಫೋನ್ ಮಾಡಿ ಬದಲಿಸಬಹುದು.

ಹೋಗಲೇಬೇಕಾದರೆ? ರಸ್ತೆಯ ಮೇಲೆ ಹರಿಯುವ ನೀರು ಎಷ್ಟು ಆಳ ಎಂದು ಗೊತ್ತಿಲ್ಲದಿದ್ದರೆ ಇಳಿಸಬೇಡಿ. ಇಂತಹ ಕಾರುಗಳ ಹೊಟ್ಟೆ ನೆಲದಿಂದ ಸಾಮಾನ್ಯವಾಗಿ 16–17 ಸೆಂಟಿಮೀಟರ್ ಮಾತ್ರ ಮೇಲಿರುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಲೇಬೇಡಿ. ಒಳಗೆ ನೀರು ನುಗ್ಗಿ ಎಂಜಿನ್ ಹಾಳಾಗುತ್ತದೆ. ಮಾಮೂಲಿ ವಿಮೆ ಇದನ್ನು ಭರಿಸದೆ ಇರಬಹುದು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಹೊಡೆಯುತ್ತದೆ. ಲೋ ಬೀಮ್ ಇರಲಿ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡುವುದು ತಪ್ಪು. ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ.

ತೋಟದ ದಾರಿಯಲ್ಲಿ ಕಾರಿನ ತಳ ಎರಡು ಸಲ ಕಲ್ಲಿಗೆ ತಾಗಿತು. ಚಿಕ್ಕ ಕಾರಿನ ಕೊರತೆ ಇದು, ಅಣ್ಣನ ಮಾತಿನಲ್ಲಿ ಅಷ್ಟು ಸತ್ಯವಿತ್ತು. ಪರಿಹಾರ ಸುಲಭವಾಗಿತ್ತು. ಉಪ್ಪ ಆಳು ಕರೆದು ದಾರಿಯ ನಡುವೆ ತಲೆ ಎತ್ತಿದ್ದ ಕಲ್ಲುಗಳನ್ನು ಕೀಳಿಸಿದರು, ಗುಂಡಿಗಳಿಗೆ ಜಲ್ಲಿ ಹಾಕಿಸಿದರು. ಟಯರಿನ ಗಾಳಿ ಎಷ್ಟಿರಬೇಕೆಂದು ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿಸಿ. ಗಾಳಿ ಕಡಿಮೆ ಇದ್ದರೆ ಗುಂಡಿಗೆ ಬಿದ್ದಾಗ ರಿಮ್ ಬಾಗುತ್ತದೆ.

ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಹೋಗುವಾಗ ಆನೆಕಾಡು ಸಿಗುತ್ತದೆ. ಹೆಸರೇ ಹೇಳುವಂತೆ ಅದು ಆನೆಗಳ ದಾರಿ. ಸಂಜೆ ಮತ್ತು ಮುಂಜಾವಿನಲ್ಲಿ ಅವು ರಸ್ತೆ ದಾಟುತ್ತವೆ. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಲೈಟ್ ಮಿನುಗಿಸುವುದು ಬೇಡ, ಇಳಿದು ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಎಂಜಿನ್ ಆರಿಸದೆ ಕಾಯಿರಿ, ಅದು ನಮ್ಮತ್ತ ತಿರುಗಿದರೆ ಮೆಲ್ಲಗೆ ಹಿಂದೆ ಸರಿಯಿರಿ. ಒಂದು ಆನೆ ದಾಟಿದೊಡನೆ ಹೊರಡಬೇಡಿ, ಹಿಂದೆ ಮರಿ ಇರಬಹುದು.

ಕಾಗದ ಪತ್ರ

ವಯಸ್ಸಾದವರ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಲೈಸೆನ್ಸ್. 2019ರ ತಿದ್ದುಪಡಿಯ ಪ್ರಕಾರ 50ರಿಂದ 55 ವರ್ಷದ ನಡುವೆ ನವೀಕರಿಸಿದರೆ ಅದು 60 ತುಂಬುವವರೆಗೆ ಮಾತ್ರ ನಡೆಯುತ್ತದೆ. 55 ದಾಟಿದ ಮೇಲೆ ನವೀಕರಿಸಿದರೆ ಐದು ವರ್ಷಕ್ಕೆ. ವೈದ್ಯರ ಪ್ರಮಾಣಪತ್ರವೂ ಬೇಕು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಲೈಸೆನ್ಸ್ ಇಲ್ಲದೆ ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ಈಗಲೇ ಎದ್ದು ಮನೆಯ ಹಿರಿಯರ ಲೈಸೆನ್ಸ್ ತೆಗೆದು ದಿನಾಂಕ ನೋಡಿ.

ಹೊಸ ಕಾರಿಗೆ ಮೂರನೆಯವರ ಹಾನಿಯ ವಿಮೆ ಮೂರು ವರ್ಷಕ್ಕೆ ಒಟ್ಟಿಗೆ ಇರುತ್ತದೆ. ಸ್ವಂತ ಕಾರಿನ ಹಾನಿಯ ವಿಮೆ ಹಲವು ಸಲ ಒಂದೇ ವರ್ಷದ್ದು. "ಮೂರು ವರ್ಷ ಇದೆಯಲ್ಲ" ಎಂದು ಎರಡನೆಯ ವರ್ಷ ಮರೆಯುವವರು ಬಹಳ. 2021ರಿಂದ ಆರ್‌ಸಿಯಲ್ಲಿ ವಾರಸುದಾರರ ಹೆಸರು ಬರೆಸುವ ಅವಕಾಶವೂ ಇದೆ. ನಾಳೆ ಮಕ್ಕಳು ಕಚೇರಿ ಅಲೆಯುವುದು ತಪ್ಪುತ್ತದೆ.

ಹಿಂದೆ ಕುಳಿತವರಿಗೂ ಬೆಲ್ಟ್ ಕಡ್ಡಾಯ. ಹಾಕದಿದ್ದರೆ ಕಾಯ್ದೆಯಲ್ಲಿರುವ ದಂಡ 1,000 ರೂಪಾಯಿ. ದಂಡದ ಮಾತು ಬಿಡಿ, ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದೆ ಕೂರುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಮಗುವಿನ ಜೀವಕ್ಕೇ ಅಪಾಯ. ಉಮ್ಮ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮಕ್ಕಳು ಹಿಂದೆ ಕೂತು ಬೆಲ್ಟ್ ಹಾಕಿ, ಬಿಸ್ಮಿ ಹೇಳಿದ ಮೇಲೆಯೇ ಗಾಡಿ ಹೊರಡುವುದು.

ಜನರ ಮಾತು

"ಈ ಪ್ರಾಯದಲ್ಲಿ ಕೆಂಪು ಕಾರು ಬೇಕಿತ್ತಾ?" ಎಂದು ಮದುವೆ ಮನೆಯೊಂದರಲ್ಲಿ ಒಬ್ಬರು ಕೇಳಿದರಂತೆ. ಉಮ್ಮ ನಗುತ್ತಾ, "ಮಂಜಿನಲ್ಲಿ ಬಿಳಿ ಕಾರು ಕಾಣುವುದಿಲ್ಲ ಉಮ್ಮಾ, ಕೆಂಪಾದರೆ ಎದುರಿನವನಿಗೆ ಕಾಣ್ತದೆ" ಎಂದರಂತೆ. ಇನ್ನೊಬ್ಬರು, "ಮಗ ಅಷ್ಟು ದುಡಿಯುವಾಗ ಒಬ್ಬ ಡ್ರೈವರ್ ಇಡಬಾರದೇ?" ಎಂದರು. ಇಡಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಎದೆ ನೋವು ಬಂದಾಗ ಆ ಡ್ರೈವರ್ ಅವನ ಮನೆಯಲ್ಲಿ ಮಲಗಿರುತ್ತಾನೆ.

ಹೆಣ್ಣು, ಅದೂ ವಯಸ್ಸಾದ ಹೆಣ್ಣು, ಕಾರು ಓಡಿಸುವುದನ್ನು ವಿಚಿತ್ರವಾಗಿ ನೋಡುವ ಕಾಲ ಹೋಗಬೇಕು. ಮಹಿಳೆಯರಿಗೆ ವಾಹನ ಚಲಾಯಿಸಲು ಬಿಡದಿದ್ದ ಸೌದಿ ಅರೇಬಿಯವೇ 2018ರ ಜೂನ್ 24ರಂದು ಆ ನಿರ್ಬಂಧವನ್ನು ತೆಗೆದುಹಾಕಿತು. ಉಳಿದ ಕೊಲ್ಲಿ ರಾಷ್ಟ್ರಗಳಲ್ಲಿ ಮಹಿಳೆಯರು ಅದಕ್ಕೂ ಮೊದಲೇ ಓಡಿಸುತ್ತಿದ್ದರು. ನಮ್ಮ ಕೊಡಗಿನ ತೋಟದ ಮನೆಗಳಲ್ಲಿ ಜೀಪು ಓಡಿಸುವ ಹೆಂಗಸರು ಹೊಸಬರೇನಲ್ಲ. ಅಂದು ಪ್ರಶ್ನೆ ಕೇಳಿದವರಲ್ಲಿ ಒಬ್ಬರು ಈಗ ತಿಂಗಳಿಗೊಮ್ಮೆ ಉಮ್ಮನ ಜೊತೆಯಲ್ಲೇ ಮಡಿಕೇರಿಗೆ ಕಣ್ಣು ತೋರಿಸಲು ಹೋಗುತ್ತಾರೆ.

ಕೀ ಕೆಳಗಿಡುವ ದಿನ

ಇಷ್ಟೆಲ್ಲ ಹೇಳಿದ ಮೇಲೆ ಕಹಿಯಾದ ಒಂದು ಮಾತನ್ನೂ ಹೇಳಬೇಕು. ಎಂದಾದರೂ ಒಂದು ದಿನ ಉಮ್ಮನೂ ಓಡಿಸುವುದನ್ನು ನಿಲ್ಲಿಸಬೇಕಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಈ ಮಾತು ಬರುವುದು ಅಪಘಾತವಾದ ಮೇಲೆ. ಆಗ ಮಕ್ಕಳು ಕೀ ಬಚ್ಚಿಡುತ್ತಾರೆ, ಹಿರಿಯರು ಅವಮಾನದಿಂದ ಮೌನವಾಗುತ್ತಾರೆ. ಕೆಲವರು ಆಮೇಲೆ ಮನೆಯಿಂದ ಹೊರಗೆ ಬರುವುದನ್ನೇ ಕಡಿಮೆ ಮಾಡುತ್ತಾರೆ.

ನಮ್ಮ ಮನೆಯಲ್ಲಿ ಆ ಮಾತನ್ನು ಕಾರು ತಂದ ತಿಂಗಳಲ್ಲೇ ಆಡಿದೆವು. ಆಡಿದ್ದು ಉಮ್ಮನೇ. ಒಂದು ನೋಟ್ ಪುಸ್ತಕದಲ್ಲಿ ತಾವೇ ಬರೆದಿಟ್ಟರು: ಕಣ್ಣಿನ ವೈದ್ಯರು ಬೇಡ ಎಂದರೆ ಆ ದಿನವೇ ನಿಲ್ಲಿಸುತ್ತೇನೆ. ಗೊತ್ತಿರುವ ದಾರಿಯಲ್ಲಿ ದಾರಿ ತಪ್ಪಿದರೆ ನಿಲ್ಲಿಸುತ್ತೇನೆ. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದು ಒಂದು ಸಲವಾದರೂ ಆದರೆ ನಿಲ್ಲಿಸುತ್ತೇನೆ. ಮೊದಲು ರಾತ್ರಿಯ ಓಡಾಟ ಬಿಡುತ್ತೇನೆ, ಆಮೇಲೆ ಮೈಸೂರು, ಕೊನೆಗೆ ಪೇಟೆ. ಕಾರಿಗೆ ಹೊಸದಾಗಿ ಬಿದ್ದ ಗೀರುಗಳನ್ನೂ ಅದೇ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯುತ್ತಾರೆ. ಗೀರುಗಳು ಹೆಚ್ಚಾದರೆ ಅದೂ ಒಂದು ಸೂಚನೆ. ಇದುವರೆಗೆ ಎರಡೇ ಇವೆ, ಎರಡೂ ಗೇಟಿನ ಕಂಬದವು.

ಸಹೋದರಿಯರೇ, ಹೆತ್ತವರ ಸೇವೆ ಎಂದರೆ ಅವರನ್ನು ಕೂರಿಸಿ ಎಲ್ಲವನ್ನೂ ನಾವೇ ಮಾಡುವುದು ಎಂದು ತಿಳಿದಿದ್ದೇವೆ. ಅವರಿಂದ ಆಗುವಷ್ಟು ದಿನ ಅವರ ಕಾಲ ಮೇಲೆ ಅವರು ನಿಲ್ಲಲು ಅನುಕೂಲ ಮಾಡಿಕೊಡುವುದೂ ಸೇವೆಯೇ. ಮುಂದಿನ ಸಲ ನಿಮ್ಮ ಮನೆಯಲ್ಲಿ ಕಾರಿನ ಮಾತು ಬಂದಾಗ ಓಡಿಸುವ ಹಿರಿಯರನ್ನು ಶೋರೂಮಿಗೆ ಕರೆದುಕೊಂಡು ಹೋಗಿ. ಅವರನ್ನು ಸೀಟಿನಲ್ಲಿ ಕೂರಿಸಿ. ಕಾಲು ಸಿಗುತ್ತದೆಯೇ, ಕನ್ನಡಿ ಕಾಣುತ್ತದೆಯೇ, ಹತ್ತಿ ಇಳಿಯಲು ನೋವಾಗುತ್ತದೆಯೇ ಎಂದು ಕೇಳಿ. ಅವರು ಹೇಳುವವರೆಗೆ ಕಾಯಿರಿ. ಕೆಂಪು ಬಣ್ಣ ಬೇಕೆಂದರೆ, ಅದಕ್ಕೂ ಹೂಂ ಅನ್ನಿ.